ಹೇಳಿದ ದಿನಕ್ಕಿಂತ ಮೊದಲೇ ದುಡ್ಡು ಕೊಟ್ಟ ಮೋಸಗಾರ

ನಮ್ಮ ಸಂಘದ ಪತ್ರಿಕೆಯ ಈ ಅಂಕಣದಲ್ಲಿ ಸಾಮಾನ್ಯವಾಗಿ ದೊಡ್ಡವರ ಬದುಕನ್ನು ಬರೆಯುತ್ತೇವೆ. ಅಣೆಕಟ್ಟು ಕಟ್ಟಿದವರು, ಕಂಪನಿ ಕಟ್ಟಿದವರು, ಹೊಸದೇನನ್ನೋ ಕಂಡುಹಿಡಿದವರು. ಈ ಸಲ ಬರೆಯುತ್ತಿರುವುದು ಒಬ್ಬ ಕಳ್ಳನ ಬದುಕು. ಯಾಕೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀವಿ, ಆಮೇಲೆ ಕಥೆಗೆ ಹೋಗೋಣ.

ಕಳೆದ ಸೆಮಿಸ್ಟರ್‌ನಲ್ಲಿ, ಸೆಕೆಂಡ್ ಇಂಟರ್ನಲ್ಸ್ ಮುಗಿದ ವಾರ, ನಮ್ಮ ರೂಮಿನ ನಾವು ಮೂವರು ಒಂದು ಆ್ಯಪ್‌ಗೆ ತಲಾ 500 ರೂಪಾಯಿ ಹಾಕಿದೆವು. ದಿನಾ ಐದು ವಿಡಿಯೋ ನೋಡಿ ಲೈಕ್ ಒತ್ತಬೇಕು, ಆರನೇ ದಿನ ದುಡ್ಡು ಹೆಚ್ಚಾಗಿ ವಾಪಸ್ ಬರುತ್ತೆ ಅಂತ ಹೇಳಿದ್ದರು. ಬರಲ್ಲ ಅಂದುಕೊಂಡೇ ಹಾಕಿದ್ದೆವು. ಬಂತು! 1,500ಕ್ಕೆ 1,950 ಬಂತು. ಆ ಖುಷಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ನಮ್ಮ ವಿಂಗ್‌ನ ವಾಟ್ಸಾಪ್ ಗ್ರೂಪಿಗೆ ಹಾಕಿದೆವು. ಕೆಳಗಿನ ಫ್ಲೋರ್‌ನ ಫಸ್ಟ್ ಇಯರ್ ಹುಡುಗನೊಬ್ಬ ಅದನ್ನು ನೋಡಿ, ರೂಮಿಗೇ ಬಂದು, ಅಣ್ಣ ಇದು ನಿಜಾನಾ ಅಂತ ಕೇಳಿದ. ನಾವು ಫೋನ್ ತೆಗೆದು ಬ್ಯಾಂಕ್ ಮೆಸೇಜ್ ತೋರಿಸಿದೆವು. ಅವನು ಪರೀಕ್ಷೆ ಫೀಸಿಗೆ, ಬಸ್ ಪಾಸಿಗೆ ಅಂತ ಅಪ್ಪ ಕಳಿಸಿದ್ದ 8,000 ರೂಪಾಯಿಯನ್ನು ಹಾಕಿದ. ದುಡ್ಡು ವಾಪಸ್ ಕೇಳಿದಾಗ ಮೊದಲು ಟ್ಯಾಕ್ಸ್ ಕಟ್ಟು ಅಂದರು. ಎರಡು ದಿನ ಬಿಟ್ಟು ನೋಡಿದರೆ ಗ್ರೂಪೂ ಇಲ್ಲ, ಆ್ಯಪೂ ಇಲ್ಲ.

ನಾವು ಅವನಿಗೆ ಸುಳ್ಳು ಹೇಳಿರಲಿಲ್ಲ. ನಮಗೆ ದುಡ್ಡು ಬಂದಿದ್ದು ನಿಜವೇ ಆಗಿತ್ತು. ಹಾಗಿದ್ದರೆ ತಪ್ಪಿದ್ದೆಲ್ಲಿ? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದವನೇ ಚಾರ್ಲ್ಸ್ ಪೊಂಜಿ. ಪೇಪರ್‌ಗಳಲ್ಲಿ ಪೊಂಜಿ ಸ್ಕೀಮ್ ಅಂತ ಓದಿರುತ್ತೀರಿ. ನಾವೂ ಓದಿದ್ದೆವು. ಆದರೆ ಅದು ಒಬ್ಬ ಮನುಷ್ಯನ ಹೆಸರು ಅಂತ ನಿಜವಾಗಲೂ ಗೊತ್ತಿರಲಿಲ್ಲ.

ಕಾಲೇಜು ಬಿಟ್ಟ ಹುಡುಗ

ಪೊಂಜಿ ಹುಟ್ಟಿದ್ದು 1882ರ ಮಾರ್ಚ್ 3ರಂದು, ಇಟಲಿಯ ಲೂಗೊ ಎಂಬ ಊರಿನಲ್ಲಿ. ಅವರ ಮನೆತನ ಒಂದು ಕಾಲದಲ್ಲಿ ಚೆನ್ನಾಗಿ ಬಾಳಿದ್ದು, ಅವನ ಕಾಲಕ್ಕೆ ಹೆಸರು ಮಾತ್ರ ಉಳಿದಿತ್ತು. ಮಗ ಓದಿ ಮತ್ತೆ ಮನೆತನವನ್ನು ಮೇಲೆತ್ತುತ್ತಾನೆ ಅಂತ ತಾಯಿಗೆ ಬಹಳ ಆಸೆ. ರೋಮ್ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಅಲ್ಲಿ ಅವನಿಗೆ ಸಿಕ್ಕಿದ್ದು ಶ್ರೀಮಂತರ ಮಕ್ಕಳ ಸಹವಾಸ. ಅವರ ಹಾಗೆಯೇ ಹೋಟೆಲು, ನಾಟಕ, ಜೂಜು. ಅವರಿಗೇನೋ ಮನೆಯಲ್ಲಿ ಆಸ್ತಿ ಇತ್ತು, ಇವನಿಗೆ ಇರಲಿಲ್ಲ. ಕೈಯಲ್ಲಿದ್ದ ದುಡ್ಡು ಖಾಲಿಯಾಯಿತು, ಡಿಗ್ರಿಯೂ ಸಿಗಲಿಲ್ಲ. ಆಗ ಇಟಲಿಯಿಂದ ಸಾವಿರಾರು ಜನ ಅಮೆರಿಕಕ್ಕೆ ಹೋಗುತ್ತಿದ್ದ ಕಾಲ. ಇವನೂ ಹಡಗು ಹತ್ತಿದ.

1903ರ ನವೆಂಬರ್ 15ರಂದು ಬಾಸ್ಟನ್ ಬಂದರಿನಲ್ಲಿ ಇಳಿದಾಗ ಅವನ ಜೇಬಿನಲ್ಲಿ ಇದ್ದದ್ದು ಎರಡೂವರೆ ಡಾಲರ್. ಮನೆಯವರು ಕೊಟ್ಟು ಕಳಿಸಿದ್ದ ಉಳಿದ ದುಡ್ಡನ್ನು ಹಡಗಿನಲ್ಲೇ ಇಸ್ಪೀಟಾಡಿ ಕಳೆದಿದ್ದ.

ಮುಂದಿನ ನಾಲ್ಕು ವರ್ಷ ಸಿಕ್ಕಿದ ಕೆಲಸವನ್ನೆಲ್ಲ ಮಾಡಿದ. ಹೋಟೆಲಿನಲ್ಲಿ ತಟ್ಟೆ ತೊಳೆದು ಅಲ್ಲೇ ನೆಲದ ಮೇಲೆ ಮಲಗುತ್ತಿದ್ದ. ಸಪ್ಲೈಯರ್ ಆಗಿ ಬಡ್ತಿ ಸಿಕ್ಕಿತು, ಗಿರಾಕಿಗಳಿಗೆ ಚಿಲ್ಲರೆ ಕಡಿಮೆ ಕೊಟ್ಟು ಸಿಕ್ಕಿಬಿದ್ದು ಆ ಕೆಲಸವೂ ಹೋಯಿತು. ಇಂಗ್ಲಿಷ್ ಮಾತ್ರ ಬಹಳ ಬೇಗ ಕಲಿತ. ಮಾತು ಅವನ ಬಂಡವಾಳ ಆಗಿದ್ದು ಇಲ್ಲಿಂದಲೇ.

ಮಾಂಟ್ರಿಯಲ್‌ನಲ್ಲಿ ಕಲಿತ ಪಾಠ

1907ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಬ್ಯಾಂಕೊ ಜರೋಸ್ಸಿ ಎಂಬ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ. ಲುಯಿಜಿ ಜರೋಸ್ಸಿ ಎಂಬಾತ ಇಟಲಿಯಿಂದ ವಲಸೆ ಬಂದ ಕೂಲಿಯವರಿಗಾಗಿ ನಡೆಸುತ್ತಿದ್ದ ಬ್ಯಾಂಕು ಅದು. ಬೇರೆ ಬ್ಯಾಂಕುಗಳಿಗಿಂತ ಎರಡು ಪಟ್ಟು, ಅಂದರೆ ಶೇಕಡಾ 6 ಬಡ್ಡಿ ಕೊಡುತ್ತಿದ್ದ. ಜನ ಮುಗಿಬಿದ್ದು ದುಡ್ಡು ಇಡುತ್ತಿದ್ದರು. ಒಳಗೆ ನೋಡಿದರೆ ಬ್ಯಾಂಕು ಕೊಟ್ಟ ಸಾಲಗಳು ಮುಳುಗಿದ್ದವು. ಹಳಬರಿಗೆ ಕೊಡುತ್ತಿದ್ದ ಬಡ್ಡಿ ಹೊಸಬರು ತಂದು ಇಟ್ಟ ದುಡ್ಡೇ ಆಗಿತ್ತು. ಪೊಂಜಿ ಇದನ್ನು ಕೌಂಟರಿನ ಒಳಗೆ ಕೂತು ನೋಡಿದ. ಕೊನೆಗೆ ಒಂದು ದಿನ ಜರೋಸ್ಸಿ ಉಳಿದ ದುಡ್ಡು ಕಟ್ಟಿಕೊಂಡು ಮೆಕ್ಸಿಕೊಗೆ ಪರಾರಿಯಾದ.

ಅಂದರೆ ಪೊಂಜಿ ಸ್ಕೀಮ್ ಅನ್ನು ಕಂಡುಹಿಡಿದವನು ಪೊಂಜಿ ಅಲ್ಲವೇ ಅಲ್ಲ. ಬಾಸ್ಟನ್ ನಗರದಲ್ಲೇ 1879ರ ಹೊತ್ತಿಗೆ ಸಾರಾ ಹೋವ್ ಎಂಬಾಕೆ ತಿಂಗಳಿಗೆ ಶೇಕಡಾ 8 ಬಡ್ಡಿ ಕೊಡುತ್ತೇನೆಂದು ಒಂಟಿ ಹೆಂಗಸರ ಉಳಿತಾಯವನ್ನು ಬಾಚಿದ್ದಳು. 1899ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಲಿಯಂ ಮಿಲ್ಲರ್ ಎಂಬ ಗುಮಾಸ್ತ ವರ್ಷಕ್ಕೆ ಶೇಕಡಾ 520ರ ಲೆಕ್ಕದಲ್ಲಿ ಇದೇ ಆಟ ಆಡಿದ್ದ. ಪೊಂಜಿ ಬಂದದ್ದು ಆಮೇಲೆ. ಆದರೂ ಹೆಸರು ಉಳಿದದ್ದು ಅವನದು.

ಬ್ಯಾಂಕು ಮುಳುಗಿದ ಮೇಲೆ ಬರಿಗೈಲಿದ್ದ ಪೊಂಜಿ, ಪರಿಚಯದ ಕಂಪನಿಯೊಂದರ ಆಫೀಸಿಗೆ ಹೋಗಿ, ಅಲ್ಲಿ ಯಾರೂ ಇಲ್ಲದ ಸಮಯ ನೋಡಿ ಚೆಕ್‌ಬುಕ್ಕಿನಿಂದ ಒಂದು ಹಾಳೆ ಹರಿದು 423 ಡಾಲರ್ 58 ಸೆಂಟ್‌ಗೆ ಕಳ್ಳ ಸಹಿ ಹಾಕಿಕೊಂಡ. ಸಿಕ್ಕಿಬಿದ್ದು ಮೂರು ವರ್ಷ ಶಿಕ್ಷೆಯಾಯಿತು. ಮಾಂಟ್ರಿಯಲ್ ಹತ್ತಿರದ ಜೈಲಿನಿಂದ ತಾಯಿಗೆ ಕಾಗದ ಬರೆದ. ಜೈಲಿನಲ್ಲಿದ್ದೇನೆ ಅಂತಲ್ಲ, ಜೈಲರ್‌ಗೆ ವಿಶೇಷ ಸಹಾಯಕನ ಕೆಲಸ ಸಿಕ್ಕಿದೆ ಅಂತ! ಹೊರಗೆ ಬಂದವನು ಇಟಲಿಯ ವಲಸಿಗರನ್ನು ಕಳ್ಳದಾರಿಯಲ್ಲಿ ಗಡಿ ದಾಟಿಸುವ ಕೇಸಿನಲ್ಲಿ ಸಿಕ್ಕಿ, ಅಮೆರಿಕದ ಅಟ್ಲಾಂಟಾ ಜೈಲಿನಲ್ಲಿ ಇನ್ನೆರಡು ವರ್ಷ ಕಳೆದ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಜೈಲಿನಿಂದ ಬಂದ ಮೇಲೆ ಅಲಬಾಮಾದ ಗಣಿ ಊರೊಂದರಲ್ಲಿ ಕೆಲಸಕ್ಕಿದ್ದಾಗ ಒಬ್ಬ ನರ್ಸ್‌ಗೆ ಒಲೆಯ ಬೆಂಕಿ ತಗುಲಿ ಮೈ ಸುಟ್ಟಿತು. ಚರ್ಮ ಕಸಿ ಮಾಡಬೇಕು, ಕೊಡುವವರು ಬೇಕು ಅಂತ ಡಾಕ್ಟರು ಕೇಳಿದಾಗ, ಆಕೆಯ ಗುರುತೂ ಸರಿಯಾಗಿ ಇಲ್ಲದ ಪೊಂಜಿ ಮುಂದೆ ಬಂದ. ತನ್ನ ತೊಡೆ, ಬೆನ್ನಿನ ಚರ್ಮ ಕೊಟ್ಟು ತಾನೇ ಎಷ್ಟೋ ದಿನ ಆಸ್ಪತ್ರೆಯಲ್ಲಿ ಮಲಗಿದ.

ಇದನ್ನು ಓದಿದಾಗ ನಮಗೆ ಸ್ವಲ್ಪ ಕಸಿವಿಸಿ ಆಯಿತು. ಮೋಸಗಾರ ಅಂದರೆ ನೋಡಿದ ತಕ್ಷಣ ಗೊತ್ತಾಗುವ ಸಿನಿಮಾ ವಿಲನ್ ಅಂತ ಅಂದುಕೊಂಡಿರುತ್ತೀವಲ್ಲ. ಆದರೆ ಮನುಷ್ಯ ಒಳ್ಳೆಯವನು, ನಗುನಗುತ್ತಾ ಮಾತಾಡ್ತಾನೆ, ಕಷ್ಟಕ್ಕೆ ಆಗ್ತಾನೆ ಅನ್ನೋದು ಬೇರೆ. ಅವನ ಸ್ಕೀಮಿನ ಲೆಕ್ಕ ಸರಿ ಇದೆಯಾ ಅನ್ನೋದು ಬೇರೆ. ಬಾಸ್ಟನ್ನಿನ ಜನ ಮೊದಲನೆಯದನ್ನು ನೋಡಿ ಎರಡನೆಯದನ್ನು ನಂಬಿದರು.

ಕಾಗದದೊಳಗೆ ಬಂದ ಕೂಪನ್

ಪೊಂಜಿ ಮತ್ತೆ ಬಾಸ್ಟನ್‌ಗೆ ಬಂದ. ರೋಸ್ ನೆಕ್ಕೊ ಎಂಬ ಹುಡುಗಿಯನ್ನು ಪ್ರೀತಿಸಿ 1918ರಲ್ಲಿ ಮದುವೆಯಾದ. ಮಗನ ಜೈಲಿನ ವಿಷಯ ಅಷ್ಟರಲ್ಲಿ ತಾಯಿಗೆ ಗೊತ್ತಾಗಿತ್ತು. ಆಕೆಯೇ ರೋಸ್‌ಗೆ ಕಾಗದ ಬರೆದು ಎಲ್ಲವನ್ನೂ ತಿಳಿಸಿದ್ದಳು. ರೋಸ್ ಎಲ್ಲ ಗೊತ್ತಿದ್ದೂ ಮದುವೆಯಾದಳು.

1919ರಲ್ಲಿ ಸ್ಕೂಲ್ ಸ್ಟ್ರೀಟ್ ಎಂಬ ರಸ್ತೆಯಲ್ಲಿ ಒಂದು ಸಣ್ಣ ಆಫೀಸ್ ಬಾಡಿಗೆಗೆ ಹಿಡಿದು, ವಿದೇಶ ವ್ಯಾಪಾರದವರಿಗೆ ಜಾಹೀರಾತುಗಳ ಪುಸ್ತಕ ಮಾಡಲು ಹೊರಟ. ಅದು ನಡೆಯಲಿಲ್ಲ. ಆದರೆ ಆ ಪುಸ್ತಕದ ವಿಚಾರವಾಗಿ ಸ್ಪೇನ್‌ನಿಂದ ಬಂದ ಒಂದು ಕಾಗದದೊಳಗೆ ಒಂದು ಚೀಟಿ ಇತ್ತು. ಅದೇ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್.

ಇದು ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀವಿ. ನೀವು ಬೇರೆ ದೇಶದವರಿಗೆ ಕಾಗದ ಬರೆದು ಉತ್ತರ ಕೇಳುತ್ತೀರಿ. ಉತ್ತರದ ಸ್ಟಾಂಪಿನ ಖರ್ಚು ಅವರ ಮೇಲೆ ಬೀಳಬಾರದು. ನಿಮ್ಮ ದೇಶದ ಸ್ಟಾಂಪು ಅಲ್ಲಿ ನಡೆಯಲ್ಲ. ಅದಕ್ಕೆ 1906ರಲ್ಲಿ ರೋಮ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಅಂಚೆ ಸಭೆ ಈ ಕೂಪನ್ ಮಾಡಿತು. ನಿಮ್ಮ ಊರಿನ ಅಂಚೆ ಕಚೇರಿಯಲ್ಲಿ ಕೊಂಡು ಲಕೋಟೆಯಲ್ಲಿ ಹಾಕಿದರೆ, ಅವರು ತಮ್ಮೂರಿನ ಅಂಚೆ ಕಚೇರಿಯಲ್ಲಿ ಕೊಟ್ಟು ಸ್ಟಾಂಪು ಪಡೆಯಬಹುದು.

ಇದರ ಬೆಲೆ ಗೊತ್ತುಮಾಡಿದ್ದು ಮೊದಲನೇ ಮಹಾಯುದ್ಧಕ್ಕೆ ಮುಂಚೆ. ಯುದ್ಧ ಮುಗಿಯುವಷ್ಟರಲ್ಲಿ ಇಟಲಿಯಂಥ ದೇಶಗಳ ಹಣದ ಬೆಲೆ ಡಾಲರಿನ ಮುಂದೆ ಬಿದ್ದುಹೋಗಿತ್ತು. ಆದರೆ ಕೂಪನ್ನಿನ ಬೆಲೆ ಹಾಗೇ ಇತ್ತು. ಅಂದರೆ ಅಮೆರಿಕದ ಡಾಲರನ್ನು ಇಟಲಿಗೆ ಕಳಿಸಿ, ಅಲ್ಲಿ ಅಗ್ಗಕ್ಕೆ ಕೂಪನ್ ಕೊಂಡು, ಅಮೆರಿಕಕ್ಕೆ ತಂದು ಸ್ಟಾಂಪಿಗೆ ಬದಲಾಯಿಸಿದರೆ, ಹಾಕಿದ್ದಕ್ಕಿಂತ ಹೆಚ್ಚಿನ ಬೆಲೆಯ ಸ್ಟಾಂಪು ಕೈಗೆ ಬರುತ್ತೆ. ಒಂದು ಕಡೆ ಕಡಿಮೆಗೆ ಕೊಂಡು ಇನ್ನೊಂದು ಕಡೆ ಹೆಚ್ಚಿಗೆ ಮಾರೋದು. ಮ್ಯಾನೇಜ್‌ಮೆಂಟ್ ಎಲೆಕ್ಟಿವ್ ತಗೊಂಡವರಿಗೆ ಆರ್ಬಿಟ್ರೇಜ್ ಅಂದರೆ ಗೊತ್ತಾಗುತ್ತೆ.

ಗಮನಿಸಿ, ಈ ಐಡಿಯಾ ಸುಳ್ಳಲ್ಲ. ಲೆಕ್ಕ ನಿಜವಾಗಲೂ ಬರುತ್ತೆ. ಅದೇ ಇದರ ಅಪಾಯ. ಮೋಸದ ಸ್ಕೀಮ್ ಪೂರ್ತಿ ಸುಳ್ಳಿನಿಂದ ಶುರುವಾಗಲ್ಲ. ಎದುರಿಗಿನವನು ಅರ್ಧ ಕೇಳಿ ತಲೆಯಾಡಿಸುವಷ್ಟು ನಿಜ ಅದರಲ್ಲಿ ಇರುತ್ತೆ. ಅವತ್ತು ಕೂಪನ್, ಇವತ್ತು ಕ್ರಿಪ್ಟೊ, ಎಐ ಟ್ರೇಡಿಂಗ್, ಫಾರೆಕ್ಸ್. ಕೇಳಿದವನಿಗೆ ಪೂರ್ತಿ ಅರ್ಥ ಆಗಬಾರದು, ಆದರೆ ಅರ್ಥ ಆಗಲಿಲ್ಲ ಅಂತ ಒಪ್ಪಿಕೊಳ್ಳೋಕೂ ನಾಚಿಕೆ ಆಗಬೇಕು. ನಾವು ಎಂಜಿನಿಯರಿಂಗ್ ಓದುವವರು ಇದರಲ್ಲಿ ಬೇಗ ಬೀಳ್ತೀವಿ, ಯಾಕೆಂದರೆ ನಮಗೆ ಗೊತ್ತಿಲ್ಲ ಅನ್ನೋದು ಕಷ್ಟ.

ಹದಿನೆಂಟು ಜನರಿಂದ ಶುರು

ಪೊಂಜಿ ಸೆಕ್ಯುರಿಟೀಸ್ ಎಕ್ಸ್‌ಚೇಂಜ್ ಕಂಪನಿ ಎಂಬ ಭಾರಿ ಹೆಸರಿಟ್ಟು ದುಡ್ಡು ಸೇರಿಸತೊಡಗಿದ. 100 ಡಾಲರ್ ಕೊಟ್ಟರೆ 150 ಡಾಲರ್ ಕೊಡುವುದಾಗಿ ಬರೆದ ಪತ್ರ ಕೊಡುತ್ತಿದ್ದ. ಪತ್ರದಲ್ಲಿ 90 ದಿನ ಅಂತ ಇರುತ್ತಿತ್ತು. ಆದರೆ 45ನೇ ದಿನಕ್ಕೇ ಕರೆದು ಕೊಟ್ಟುಬಿಡುತ್ತಿದ್ದ. ಬ್ಯಾಂಕುಗಳು ವರ್ಷವಿಡೀ ಕಾಯಿಸಿ ಶೇಕಡಾ 5ರ ಆಸುಪಾಸು ಕೊಡುತ್ತಿದ್ದ ಕಾಲ ಅದು.

ಮೊದಲ ತಿಂಗಳು, 1920ರ ಜನವರಿಯಲ್ಲಿ, ದುಡ್ಡು ಕೊಟ್ಟವರು 18 ಜನ. ಒಟ್ಟು 1,800 ಡಾಲರ್. ಅವರಿಗೆಲ್ಲ ಹೇಳಿದ್ದಕ್ಕಿಂತ ಮುಂಚೆ ದುಡ್ಡು ಸಿಕ್ಕಿತು. ಕೊಟ್ಟದ್ದು ಯಾವ ಕೂಪನ್ನಿನ ಲಾಭವೂ ಅಲ್ಲ, ಅವರ ಹಿಂದೆ ಬಂದವರ ದುಡ್ಡು. ಅವನ ಟೋಪಿ ಇವನಿಗೆ, ಇವನ ಟೋಪಿ ಅವನಿಗೆ.

ಆ 18 ಜನ ಏನು ಮಾಡಿರಬೇಕು ಅಂತ ನಾವು ಊಹೆ ಮಾಡಬೇಕಾಗಿಲ್ಲ. ನಾವು ಮಾಡಿದ್ದನ್ನೇ ಮಾಡಿದರು. ಮನೆಯಲ್ಲಿ ಹೇಳಿದರು, ಅಂಗಡಿಯಲ್ಲಿ ಹೇಳಿದರು, ಚರ್ಚಿನಲ್ಲಿ ಹೇಳಿದರು. ಇಟಲಿಯ ಕೂಲಿಯವರು, ಅಂಗಡಿಯವರು, ಆಮೇಲೆ ಗುಮಾಸ್ತರು, ಬಾಸ್ಟನ್ನಿನ ಪೊಲೀಸರೂ ಬಂದರು. ಮೇ ತಿಂಗಳ ಹೊತ್ತಿಗೆ 4 ಲಕ್ಷ 20 ಸಾವಿರ ಡಾಲರ್ ಸೇರಿತ್ತು. ಜುಲೈನಲ್ಲಿ ಸ್ಕೂಲ್ ಸ್ಟ್ರೀಟ್‌ನಲ್ಲಿ ನಿಲ್ಲೋಕೆ ಜಾಗ ಇರಲಿಲ್ಲ. ಮನೆ ಅಡವಿಟ್ಟು ತಂದವರಿದ್ದರು. ಅವಧಿ ಮುಗಿದವರಲ್ಲಿ ಹೆಚ್ಚಿನವರು ಲಾಭವನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ, ಅದನ್ನೂ ಸೇರಿಸಿ ಮತ್ತೆ ಅಲ್ಲೇ ಇಟ್ಟರು. ಅಂದರೆ ಪೊಂಜಿ ಬಹಳ ಜನಕ್ಕೆ ಕೊಡಬೇಕಾಗಿ ಬರಲೇ ಇಲ್ಲ. ಕೊಡುತ್ತಾನೆ ಅಂತ ಗೊತ್ತಾದರೆ ಸಾಕಾಗಿತ್ತು.

ಪೊಂಜಿ ಲೆಕ್ಸಿಂಗ್ಟನ್ ಎಂಬ ಊರಲ್ಲಿ ದೊಡ್ಡ ಬಂಗಲೆ ಕೊಂಡ. ಕಾರು, ಬಂಗಾರದ ಹಿಡಿಯ ಕೈಕೋಲು. ಹ್ಯಾನೋವರ್ ಟ್ರಸ್ಟ್ ಎಂಬ ಬ್ಯಾಂಕಿನ ಷೇರುಗಳನ್ನು ಕೊಂಡು ಅದರ ಮೇಲೆ ಹಿಡಿತ ಸಾಧಿಸಿದ. ತಾಯಿಯನ್ನು ಇಟಲಿಯಿಂದ ಕರೆಸಿಕೊಂಡ. ಮಗ ಮನೆತನವನ್ನು ಮೇಲೆತ್ತಿದ ಅಂತ ಆಕೆಗೆ ಅನ್ನಿಸಿರಬೇಕು.

ಎರಡು ಸಂಖ್ಯೆ

1920ರ ಜುಲೈ 24ರಂದು ಬಾಸ್ಟನ್ ಪೋಸ್ಟ್ ಪತ್ರಿಕೆ ಪೊಂಜಿಯ ಬಗ್ಗೆ ಮುಖಪುಟದಲ್ಲಿ ಬರೆಯಿತು. ಅದರಲ್ಲಿ ಹೊಗಳಿಕೆಯೇ ಹೆಚ್ಚಿತ್ತು. ಸೋಮವಾರ ಅವನ ಆಫೀಸಿನ ಮುಂದೆ ಇನ್ನೂ ಉದ್ದದ ಕ್ಯೂ. ಆದರೆ ಪತ್ರಿಕೆಯವರಿಗೆ ಒಳಗೊಳಗೇ ಅನುಮಾನ ಇತ್ತು. ಹಣಕಾಸಿನ ವಿಚಾರ ಬಲ್ಲ ಕ್ಲಾರೆನ್ಸ್ ಬ್ಯಾರನ್ ಎಂಬ ಪತ್ರಕರ್ತನನ್ನು ಕೇಳಿದರು.

ಬ್ಯಾರನ್ ಗುಟ್ಟಿನ ದಾಖಲೆ ಯಾವುದನ್ನೂ ಕದ್ದು ತರಲಿಲ್ಲ. ಸುಮ್ಮನೆ ಲೆಕ್ಕ ಹಾಕಿದ. ಜನ ಇಟ್ಟಿರುವ ದುಡ್ಡಿಗೆಲ್ಲ ಕೂಪನ್ ಕೊಂಡಿದ್ದರೆ ಸುಮಾರು 16 ಕೋಟಿ ಕೂಪನ್ ಓಡಾಡುತ್ತಿರಬೇಕಿತ್ತು. ನಿಜಕ್ಕೂ ಓಡಾಡುತ್ತಿದ್ದ ಕೂಪನ್‌ಗಳು ಸುಮಾರು 27 ಸಾವಿರ. ಇನ್ನೊಂದು ಪ್ರಶ್ನೆಯನ್ನೂ ಕೇಳಿದ. 45 ದಿನಕ್ಕೆ ಶೇಕಡಾ 50 ಹುಟ್ಟಿಸುವ ವಿದ್ಯೆ ಗೊತ್ತಿರುವವನು ತನ್ನ ಸ್ವಂತ ದುಡ್ಡನ್ನು ಅದರಲ್ಲೇ ಹಾಕದೆ, ಬ್ಯಾಂಕು, ಜಮೀನು ಅಂತ ಬೇರೆ ಕಡೆ ಯಾಕೆ ಹಾಕುತ್ತಿದ್ದಾನೆ?

ಲ್ಯಾಬಿನಲ್ಲಿ ರೀಡಿಂಗ್ ತೆಗೆದ ಮೇಲೆ ನಮ್ಮ ಸರ್ ಯಾವಾಗಲೂ ಕೇಳ್ತಾರೆ, ಉತ್ತರ ಇಷ್ಟು ಬರೋಕೆ ಸಾಧ್ಯಾನಾ ಅಂತ. ಒಂದು ರೆಸಿಸ್ಟರಿನಲ್ಲಿ ಸಾವಿರ ಆಂಪಿಯರ್ ಬಂದರೆ ಮೀಟರ್ ನೋಡ್ಕೋ ಅಂತಾರೆ. ಬ್ಯಾರನ್ ಮಾಡಿದ್ದು ಅಷ್ಟೇ. ಅದನ್ನು ನಾವೂ ಮಾಡಿ ನೋಡಿದೆವು.

ಮೊದಲು ಕೂಪನ್ ಲೆಕ್ಕ. ಒಂದು ಕೂಪನ್‌ಗೆ 5 ಸೆಂಟ್ ಲಾಭ ಅಂತಲೇ ಇಟ್ಟುಕೊಳ್ಳಿ. 10 ಲಕ್ಷ ಡಾಲರ್ ಲಾಭ ಬೇಕಾದರೆ 2 ಕೋಟಿ ಕೂಪನ್ ಬೇಕು. ಅವನ್ನು ಹಡಗಿನಲ್ಲಿ ತರಬೇಕು, ಅಂಚೆ ಕಚೇರಿಯಲ್ಲಿ ಒಂದೊಂದಾಗಿ ಬದಲಾಯಿಸಬೇಕು. ಅಷ್ಟು ಮಾಡಿದ ಮೇಲೂ ಸಿಗೋದು ದುಡ್ಡಲ್ಲ, ಸ್ಟಾಂಪು. ಅದನ್ನು ಮಾರೋದು ಯಾರಿಗೆ?

ಎರಡನೆಯದು ಬಡ್ಡಿ ಲೆಕ್ಕ. 45 ದಿನಕ್ಕೊಮ್ಮೆ ಒಂದೂವರೆ ಪಟ್ಟು ಅಂದರೆ ವರ್ಷಕ್ಕೆ ಎಂಟು ಸಲ. 1.5ರ ಎಂಟನೇ ಘಾತ 25ಕ್ಕಿಂತ ಹೆಚ್ಚು. 1,000 ರೂಪಾಯಿ ಇಟ್ಟವನಿಗೆ ವರ್ಷದ ಕೊನೆಗೆ 25,600 ಬರಬೇಕು.

ಮೂರನೆಯದು ಜನರ ಲೆಕ್ಕ. ಎಲ್ಲರೂ ಒಂದೇ ಮೊತ್ತ ಹಾಕ್ತಾರೆ, ಅವಧಿ ಮುಗಿದ ತಕ್ಷಣ ಎಲ್ಲರೂ ವಾಪಸ್ ತಗೋತಾರೆ, ಪೊಂಜಿ ತನಗೆ ಒಂದು ಪೈಸೆಯನ್ನೂ ಇಟ್ಟುಕೊಳ್ಳಲ್ಲ ಅಂತ ಭಾವಿಸೋಣ. ಆಗಲೂ ಪ್ರತಿ ಸುತ್ತಿಗೆ ಹಿಂದಿನ ಸುತ್ತಿನ ಒಂದೂವರೆ ಪಟ್ಟು ಹೊಸಬರು ಬೇಕು. 18, ಆಮೇಲೆ 27, ಆಮೇಲೆ 40. ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ಹೀಗೆ 40 ಸುತ್ತು, ಅಂದರೆ ಐದು ವರ್ಷಕ್ಕೂ ಸ್ವಲ್ಪ ಕಡಿಮೆ ಹೋದರೆ, ಆ ಒಂದೇ ಸುತ್ತಿಗೆ ಸುಮಾರು 20 ಕೋಟಿ ಹೊಸಬರು ಬೇಕು. 1920ರಲ್ಲಿ ಇಡೀ ಅಮೆರಿಕದ ಜನಸಂಖ್ಯೆ 10.6 ಕೋಟಿ. ಸ್ಕೀಮ್ ನಡೆಸುವವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಇದು ನಿಲ್ಲಲೇಬೇಕು. ನಿಂತ ದಿನ ಎಲ್ಲರಿಗಿಂತ ಹೆಚ್ಚು ಜನ ಇರುವುದು ಕೊನೆಯ ಸುತ್ತಿನಲ್ಲಿ. ಪಂಗನಾಮ ಬೀಳುವುದು ಅವರಿಗೆ.

ಈ ಮೂರೂ ಲೆಕ್ಕ ಪಿಯುಸಿ ಗಣಿತ. ನಮ್ಮ ರೂಮಿನ ಮೂವರಿಗೂ ಬರುತ್ತಿತ್ತು. 500 ರೂಪಾಯಿ ಹಾಕುವ ಮುಂಚೆ ಒಬ್ಬರೂ ಮಾಡಲಿಲ್ಲ.

ಕಾಫಿ ಕೊಟ್ಟು ಉಪಚರಿಸಿದ

ಪತ್ರಿಕೆ ಪ್ರಶ್ನೆ ಎತ್ತಿದ ತಕ್ಷಣ ಜನ ದುಡ್ಡು ವಾಪಸ್ ಕೇಳಲು ಓಡಿಬಂದರು. ಪೊಂಜಿ ಹೆದರಿ ಓಡಿಹೋಗಲಿಲ್ಲ. ಕ್ಯೂ ಹತ್ತಿರ ಬಂದು, ಎಲ್ಲರಿಗೂ ಕಾಫಿ, ಡೋನಟ್ ಕೊಡಿಸಿ, ನಗುತ್ತಾ ಮಾತಾಡಿಸಿ, ಕೇಳಿದವರಿಗೆಲ್ಲ ಕೊಟ್ಟ. ಮೂರು ದಿನದಲ್ಲಿ ಸುಮಾರು 20 ಲಕ್ಷ ಡಾಲರ್ ಕೊಟ್ಟ ಅಂತ ಹೇಳುತ್ತಾರೆ. ಅದನ್ನು ನೋಡಿ ಎಷ್ಟೋ ಜನ ಮನಸ್ಸು ಬದಲಾಯಿಸಿ ದುಡ್ಡು ಅಲ್ಲೇ ಬಿಟ್ಟು ಮನೆಗೆ ಹೋದರು. ಕೇಳಿದ ಕೂಡಲೇ ಕೊಡುವವನು ಮೋಸಗಾರ ಹೇಗಾಗುತ್ತಾನೆ?

ತನ್ನ ಹೆಸರು ಉಳಿಸಿಕೊಳ್ಳಲು ಪೊಂಜಿ ವಿಲಿಯಂ ಮ್ಯಾಕ್‌ಮಾಸ್ಟರ್ಸ್ ಎಂಬ ಪ್ರಚಾರಕನನ್ನು ನೇಮಿಸಿಕೊಂಡಿದ್ದ. ಒಳಗಿನ ಲೆಕ್ಕ ನೋಡಿದ ಆತನಿಗೇ ಗಾಬರಿಯಾಯಿತು. ಆಗಸ್ಟ್ 2ರಂದು ಆತ ಅದೇ ಪತ್ರಿಕೆಯಲ್ಲಿ ಪೊಂಜಿ ದಿವಾಳಿಯಾಗಿದ್ದಾನೆ ಎಂದು ಬರೆದ. ಆಗಸ್ಟ್ 11ರಂದು ಪತ್ರಿಕೆ ಮಾಂಟ್ರಿಯಲ್‌ನ ಜೈಲಿನ ಕಥೆಯನ್ನೂ ಹೊರಗೆ ಹಾಕಿತು. ಮಾರನೇ ದಿನ ಪೊಂಜಿಯ ಬಂಧನವಾಯಿತು. ಈ ವರದಿಗಳಿಗೆ ಬಾಸ್ಟನ್ ಪೋಸ್ಟ್‌ಗೆ 1921ರ ಪುಲಿಟ್ಜರ್ ಬಹುಮಾನ ಬಂತು.

ಆಮೇಲೆ ಕೋರ್ಟಿನಲ್ಲಿ ಲೆಕ್ಕ ಬಿಚ್ಚಿದಾಗ ತಿಳಿದದ್ದು ಇಷ್ಟು. ಎಂಟು ತಿಂಗಳಲ್ಲಿ ಜನರಿಂದ ಪಡೆದದ್ದು ಸುಮಾರು 95 ಲಕ್ಷ 82 ಸಾವಿರ ಡಾಲರ್. ಅದಕ್ಕೆ ಬದಲಾಗಿ ಕೊಡುತ್ತೇನೆಂದು ಬರೆದುಕೊಟ್ಟದ್ದು 1 ಕೋಟಿ 43 ಲಕ್ಷ 74 ಸಾವಿರ ಡಾಲರ್. ಹೇಳಿದ್ದ ಕೂಪನ್ ವ್ಯಾಪಾರ ನಡೆದೇ ಇರಲಿಲ್ಲ. ಹ್ಯಾನೋವರ್ ಟ್ರಸ್ಟ್ ಸೇರಿ ಹಲವು ಬ್ಯಾಂಕುಗಳು ಮುಳುಗಿದವು. ಹೂಡಿಕೆದಾರರಿಗೆ ವರ್ಷಗಟ್ಟಲೆ ಕಾದ ಮೇಲೆ ಅಸಲಿನ ಅರ್ಧದಷ್ಟೂ ಸಿಗಲಿಲ್ಲ.

ಇನ್ನೊಂದು ಸಂಗತಿ ನಮಗೆ ಬಹಳ ದಿನ ತಲೆಯಲ್ಲಿ ಕೂತಿತು. ಆಗಸ್ಟ್‌ನ ಆ ಗಲಾಟೆಯ ದಿನಗಳಲ್ಲಿ ಕೆಲವರು ಚುರುಕಾಗಿ ಓಡಿ ತಮ್ಮ ಅಸಲನ್ನು ವಾಪಸ್ ಪಡೆದಿದ್ದರಲ್ಲ, ಅವರ ಮೇಲೂ ಕೇಸ್ ನಡೆಯಿತು. 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ದುಡ್ಡನ್ನು ಅವರು ಹಿಂದಿರುಗಿಸಬೇಕು ಅಂತ ತೀರ್ಪು ಕೊಟ್ಟಿತು. ಎಲ್ಲರೂ ಒಂದೇ ಮೋಸಕ್ಕೆ ಸಿಕ್ಕವರು, ಕ್ಯೂನಲ್ಲಿ ಮುಂದೆ ನಿಂತಿದ್ದ ಮಾತ್ರಕ್ಕೆ ಇತರರ ಪಾಲೂ ಇವರದಾಗಲ್ಲ ಅನ್ನೋದು ಅದರ ಸಾರ.

ಕೊನೆಯ ದಿನಗಳು

ಪೊಂಜಿ ತಪ್ಪೊಪ್ಪಿಕೊಂಡು ಐದು ವರ್ಷದ ಶಿಕ್ಷೆ ಪಡೆದು, ಮೂರೂವರೆ ವರ್ಷ ಜೈಲಿನಲ್ಲಿದ್ದ. ಹೊರಗೆ ಬಂದರೆ ಮ್ಯಾಸಚೂಸೆಟ್ಸ್ ರಾಜ್ಯದ ಕೇಸುಗಳು ಕಾದಿದ್ದವು. ಅದರಲ್ಲಿ ಜಾಮೀನಿನ ಮೇಲಿದ್ದಾಗಲೇ 1925ರಲ್ಲಿ ಫ್ಲೋರಿಡಾಕ್ಕೆ ಹೋಗಿ ಸೈಟು ಮಾರುವ ಕಂಪನಿ ತೆರೆದ. ಈ ಸಲ 60 ದಿನಕ್ಕೆ ಶೇಕಡಾ 200 ಲಾಭದ ಆಸೆ ತೋರಿಸಿದ. ಸೈಟು ಅಂದದ್ದು ನೀರು ನಿಲ್ಲುವ ಜೌಗು. ಮತ್ತೆ ಶಿಕ್ಷೆಯಾಯಿತು. ತಲೆ ಬೋಳಿಸಿಕೊಂಡು, ವೇಷ ಮರೆಸಿ ಇಟಲಿಯ ಕಡೆ ಹೊರಟ ಹಡಗು ಹತ್ತಿದ. ಹಡಗು ನ್ಯೂ ಆರ್ಲಿಯನ್ಸ್ ಬಂದರಿಗೆ ಬಂದಾಗ ಸಿಕ್ಕಿಬಿದ್ದ.

1934ರಲ್ಲಿ ಅಮೆರಿಕ ಅವನನ್ನು ಇಟಲಿಗೆ ಗಡಿಪಾರು ಮಾಡಿತು. ರೋಸ್ ಜೊತೆಗೆ ಹೋಗಲಿಲ್ಲ. ಕೆಲ ವರ್ಷದ ಮೇಲೆ ವಿಚ್ಛೇದನ ಪಡೆದಳು. ಪೊಂಜಿ ಇಟಲಿಯ ವಿಮಾನ ಕಂಪನಿಯೊಂದರ ಕೆಲಸದ ಮೇಲೆ ಬ್ರೆಜಿಲ್‌ಗೆ ಹೋದ. ಎರಡನೇ ಮಹಾಯುದ್ಧದಲ್ಲಿ ಆ ಕೆಲಸವೂ ಹೋಯಿತು. ಕಣ್ಣು ಮಂಜಾಯಿತು, ಲಕ್ವ ಹೊಡೆಯಿತು. 1949ರ ಜನವರಿಯಲ್ಲಿ ರಿಯೊ ಡಿ ಜನೈರೊ ನಗರದ ಧರ್ಮಾಸ್ಪತ್ರೆಯಲ್ಲಿ, 66ನೇ ವಯಸ್ಸಿನಲ್ಲಿ ತೀರಿಕೊಂಡ. ಹೂಳುವ ಖರ್ಚಿಗೆ ಆಗುವಷ್ಟು ದುಡ್ಡು ಬಿಟ್ಟುಹೋಗಿದ್ದ.

ನಮ್ಮ ಹಾಸ್ಟೆಲ್‌ಗೆ ವಾಪಸ್

ಈಗ ನಮ್ಮ ಕಥೆ. ಪೊಂಜಿಯ ಬದುಕು ಓದಿದ ಮೇಲೆ ಹುಡುಕುತ್ತಿದ್ದ ತಪ್ಪು ಸಿಕ್ಕಿತು. ದುಡ್ಡು ಬಂತಾ ಅಂತ ನಾವು ಕೇಳಿದೆವು. ದುಡ್ಡು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಲೈಕ್ ಒತ್ತಿದರೆ ಯಾರಿಗೆ ಏನು ಸಿಗುತ್ತೆ, ಅದಕ್ಕೆ ಅವರು ನಮಗೆ 450 ರೂಪಾಯಿ ಯಾಕೆ ಕೊಡ್ತಾರೆ ಅಂತ ಒಂದು ನಿಮಿಷ ಯೋಚಿಸಿದ್ದರೂ ಗೊತ್ತಾಗುತ್ತಿತ್ತು. ಮೊದಲ ಪೇಮೆಂಟ್ ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಆ ಎರೆಹುಳು ನಮಗೆ ರುಚಿಸಿತು, ಅದರ ಫೋಟೊ ತೆಗೆದು ಗ್ರೂಪಿಗೂ ಹಾಕಿದೆವು. ಆ ಆ್ಯಪಿನವರಿಗೆ ಜಾಹೀರಾತಿನ ಖರ್ಚು ಇರಲಿಲ್ಲ, ಅದನ್ನು ನಾವೇ ಪುಕ್ಕಟೆಯಾಗಿ ಮಾಡಿಕೊಟ್ಟೆವು.

ಇದರಿಂದ ನಾವು ಕಲಿತದ್ದನ್ನು ನಿಮಗೂ ಹೇಳ್ತೀವಿ. ಯಾರಾದರೂ ಸ್ಕೀಮ್ ತಂದರೆ, ಲಾಭ ಹುಟ್ಟುವ ಜಾಗ ಯಾವುದು ಅಂತ ಕೇಳಿ. ಉತ್ತರ ಬರೀ ದೊಡ್ಡ ಪದಗಳಾಗಿದ್ದರೆ ಬಿಟ್ಟುಬಿಡಿ. ಹೇಳುವ ಲಾಭವನ್ನು ಒಂದು ವರ್ಷಕ್ಕೆ ಗುಣಿಸಿ ನೋಡಿ. ಇನ್ನೊಬ್ಬರನ್ನು ಸೇರಿಸಿದರೆ ನಿನಗೆ ಕಮಿಷನ್ ಅಂದರೆ ಅಲ್ಲಿ ಮಾರುತ್ತಿರುವ ವಸ್ತು ನೀವೇ. ದುಡ್ಡು ಕಟ್ಟುವಾಗ ಕಂಪನಿಯ ಖಾತೆ ಬಿಟ್ಟು ದಿನಕ್ಕೊಬ್ಬರ ಹೆಸರಿನ ಯುಪಿಐ ಕೊಟ್ಟರೆ ಅಲ್ಲೇ ನಿಲ್ಲಿಸಿ. ನಿಮ್ಮದೇ ದುಡ್ಡು ವಾಪಸ್ ಪಡೆಯಲು ಮೊದಲು ಟ್ಯಾಕ್ಸ್ ಕಟ್ಟಿ ಅಂದರೆ, ಹೋದದ್ದು ಹೋಯಿತು, ಇನ್ನೊಂದು ರೂಪಾಯಿ ಹಾಕಬೇಡಿ. ಸುಮ್ಮನೆ ನಿನ್ನ ಬ್ಯಾಂಕ್ ಅಕೌಂಟ್ ಬಳಸೋಕೆ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ ಅನ್ನುವವರೂ ಕ್ಯಾಂಪಸ್‌ಗಳಲ್ಲಿ ಓಡಾಡ್ತಾರೆ. ಬೇರೆಯವರಿಂದ ದೋಚಿದ ದುಡ್ಡು ನಿಮ್ಮ ಖಾತೆಯಲ್ಲಿ ಹಾದುಹೋಗುತ್ತೆ, ಪೊಲೀಸರು ಮೊದಲು ಬರೋದು ನಿಮ್ಮ ಹೆಸರು ಹುಡುಕಿಕೊಂಡು.

ಕಾನೂನೂ ಇದೆ. ಜನರನ್ನು ಸೇರಿಸಿ ದುಡ್ಡು ಸುತ್ತಿಸುವ ಸ್ಕೀಮ್‌ಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 1978ರಿಂದ ಇದೆ, ನಡೆಸೋದಷ್ಟೇ ಅಲ್ಲ, ಅದರಲ್ಲಿ ಸದಸ್ಯರಾಗೋದೂ ಅದರ ಪ್ರಕಾರ ತಪ್ಪು. ಅನುಮತಿ ಇಲ್ಲದ ಠೇವಣಿ ಸ್ಕೀಮ್‌ಗಳ ಮೇಲೆ 2019ರಲ್ಲಿ ಇನ್ನೊಂದು ಕಾಯ್ದೆ ಬಂತು. ಠೇವಣಿ ಪಡೆಯುವ ಸಂಸ್ಥೆಯ ಬಗ್ಗೆ ಅನುಮಾನ ಬಂದರೆ ರಿಸರ್ವ್ ಬ್ಯಾಂಕಿನ ಸಚೇತ್ ಎಂಬ ಜಾಲತಾಣದಲ್ಲಿ ನೋಡಬಹುದು, ದೂರನ್ನೂ ಕೊಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ಮಾಡಬೇಕಾದ ನಂಬರ್ 1930. ನಾಚಿಕೆಯಿಂದ ಎರಡು ದಿನ ಸುಮ್ಮನಿರಬೇಡಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು.

ನಮ್ಮ ಜೂನಿಯರ್ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಮೆಸ್ಸಿಗೂ ಬರುತ್ತಿರಲಿಲ್ಲ. ಆಮೇಲೆ ನಾವೇ ಕೂರಿಸಿಕೊಂಡು 1930ಕ್ಕೆ ಫೋನ್ ಮಾಡಿಸಿದೆವು. ದೂರು ದಾಖಲಾಗಿದೆ, ದುಡ್ಡು ಇನ್ನೂ ಬಂದಿಲ್ಲ. ಅವನ ಪರೀಕ್ಷೆ ಫೀಸನ್ನು ನಮ್ಮ ವಿಂಗ್‌ನವರೆಲ್ಲ ಸೇರಿ ಕಟ್ಟಿದೆವು. ಗ್ರೂಪಿನಲ್ಲಿದ್ದ ನಮ್ಮ ಸ್ಕ್ರೀನ್‌ಶಾಟ್‌ನ ಕೆಳಗೆ ಇದು ಮೋಸ, ತಪ್ಪು ನಮ್ಮದು ಅಂತ ಬರೆದೆವು. ಅದನ್ನು ಬರೆಯೋಕೆ, ಸ್ಕ್ರೀನ್‌ಶಾಟ್ ಹಾಕುವುದಕ್ಕಿಂತ ಬಹಳ ಹೊತ್ತು ಹಿಡಿಯಿತು.

ಆ 450 ರೂಪಾಯಿ ಲಾಭ ನಮ್ಮ ಹತ್ತಿರವೇ ಇತ್ತು. ಕೊನೆಗೆ ಅದನ್ನು ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟೆವು. ಅವನು ಎಣಿಸಿ ನೋಡಿ, ಅಣ್ಣ ಇದು ಎಲ್ಲಿಂದ ಬಂತು ಅಂತ ಕೇಳಿದ. ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದೆವು, ನಿನ್ನ ಥರದವರು ಯಾರೋ ಹಾಕಿದ್ದು ಅಂತ.